ಐದು ಮೂರಲ ಹದಿನೈದು

ಕುಮ್‌ಹೆಲಿಗ್ ಕೌನ್ಸಿಲಿನ ನಿಯಮ ಹೀಗಿದೆ:
ಬಜೆಟ್ಟಿನ ರಾತ್ರಿ ಊರವರಲ್ಲಿ ಐವರಿಗೆ ಮಾತು,
ತಲಾ ಮೂರು ನಿಮಿಷ.
ಹಸಿರು ದೀಪ, ಹಳದಿ, ಆಮೇಲೆ ಕೆಂಪು.
ಕೆಂಪಾದರೆ ಮೈಕು ತಾನಾಗಿ ಸಾಯುತ್ತದೆ.

ಐರ್ಲಿಸ್ ಅದನ್ನು ಎರಡು ಸಲ ಓದಿ
ನನ್ನ ಅಡುಗೆಮನೆಯ ಮೇಜಿನಲ್ಲಿ
ಗ್ಯಾಸ್ ಬಿಲ್ಲಿನ ಬೆನ್ನಿಗೆ ಮಗ್ಗಿ ಬರೆದಳು:
ಐದು ಮೂರಲ ಹದಿನೈದು.
ನಕ್ಕಳು. ಈ ಚಳಿಗಾಲ ಅವಳ ಹಲ್ಲು ಕಂಡದ್ದು ಆಗಲೇ.

ಹದಿನೈದು ಅವಳ ಹೊಟ್ಟೆಪಾಡಿನ ಅಂಕಿ.
ಹಾಸಿಗೆ ಬಿಟ್ಟೇಳಲಾರದವರ ಮನೆಮನೆಗೆ ಹೋಗಿ
ಎಬ್ಬಿಸಿ, ತೊಳೆದು, ಉಣಿಸಿ, ಬಾಗಿಲೆಳೆದುಕೊಂಡು ಬರಲು
ಮೊದಲು ನಲವತ್ತೈದು ನಿಮಿಷ ಇತ್ತು, ಆಮೇಲೆ ಮೂವತ್ತು.
ಈಗ ಹದಿನೈದು, ದಿನಕ್ಕೆ ಮೂರು ಸಲ.
ಅದನ್ನೂ ಎರಡಕ್ಕಿಳಿಸುವ ಪ್ರಸ್ತಾಪ
ನೂರಾ ಹನ್ನೆರಡನೇ ಪುಟದಲ್ಲಿ,
ಚರಂಡಿ ಪಂಪಿಗೂ ಕ್ರಿಸ್‌ಮಸ್ ದೀಪಕ್ಕೂ ನಡುವೆ,
'ದಕ್ಷತೆ' ಎಂಬ ಇಸ್ತ್ರಿ ಅಂಗಿ ತೊಟ್ಟು ನಿಂತಿತ್ತು.

ಮೊದಲ ಮೂರು ನಿಮಿಷ ಐರ್ಲಿಸಳದು.
ಗ್ವಿಲಿಮನ ಗಾಲಿಕುರ್ಚಿಯನ್ನು ಸಭೆಯ ನಡುವಿಗೆ ತಂದು
ಮಂಡಿಯೂರಿ ಅವನ ಬೂಟಿನ ದಾರ ಬಿಚ್ಚತೊಡಗಿದಳು.
'ಮಾತಾಡಿ' ಎಂದರು ಅಧ್ಯಕ್ಷರು.
'ಹೊತ್ತೆಲ್ಲಿದೆ ಸ್ವಾಮಿ' ಎಂದಳು, ತಲೆ ಎತ್ತದೆ.
ಕೋಟು ಕಳಚಬೇಕು. ಗಣಿ ಮುರಿದ ಮೊಣಕೈ
ಎಂಬತ್ತೆಂಟರಲ್ಲಿ ಯಾರ ಮಾತೂ ಕೇಳುವುದಿಲ್ಲ.
ಒಂದು ತೋಳು ಹೊರಬರುವಾಗ ಹಳದಿ,
ಇನ್ನೊಂದಕ್ಕೆ ಕೆಂಪು.

ನೆಸ್ತಾ ತನ್ನ ಸರದಿಯನ್ನು ಬಟ್ಟಲಿನ ಬಿಸಿನೀರಿಗೆ ಕೊಟ್ಟಳು.
ಕತ್ತು, ಕಂಕುಳು, ಬೆರಳ ಸಂದಿ.
ಗ್ಯಾಲರಿಯಲ್ಲಿ ಯಾರೋ ಕೆಮ್ಮಿ ಸುಮ್ಮನಾದರು.
ಗ್ವಿಲಿಂ ಕಣ್ಣು ಮುಚ್ಚಿಕೊಂಡಿದ್ದ. ನಾಚಿಕೆಯೋ, ಹಿತವೋ,
ಕೇಳಲು ನಮಗೂ ಪುರುಸೊತ್ತಿರಲಿಲ್ಲ.

ಮೂರನೆಯದು ನನ್ನದು. ಏಳು ಮಾತ್ರೆ.
ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ
ಬಡಿಸುತ್ತಿದ್ದ ಕೈ ಇದು, ಆ ಅಡುಗೆಮನೆ ಮುಚ್ಚುವ ತನಕ.
ಆದರೂ ನಡುಗಿತು.
ಅವನ ಗಂಟಲು ಒಂದೊಂದನ್ನೂ ಚೌಕಾಸಿ ಮಾಡಿ ನುಂಗಿತು.
ನಾಲ್ಕು ಹೋದವು. ಕೆಂಪು.
ಉಳಿದ ಮೂರನ್ನು ಅಂಗೈಯಲ್ಲಿ ಬಿಗಿಹಿಡಿದು ಕೂತೆ.

ಇದ್ರಿಸ್ ಕೌನ್ಸಿಲಿನದೇ ಕೆಟಲಿಗೆ ನೀರು ತುಂಬಿದ.
ಇಪ್ಪತ್ತಾರು ವರ್ಷ ಬಸ್ಸು ಬಿಟ್ಟವನಿಗೆ
ಕಾಯುವುದು ಗೊತ್ತು. ಕೆಟಲಿಗೂ ಗೊತ್ತು.
ಮೂರು ನಿಮಿಷವೂ ಸಭೆ ಕುದಿಯದ ನೀರನ್ನು ಕೇಳಿಸಿಕೊಂಡಿತು.

ಕೊನೆಯ ಸರದಿ ಗ್ವಿಲಿಮನದೇ.
ಒಂದು ಕಾಲಿಗೆ ಕಾಲುಚೀಲ, ಒಂದು ಬರಿಗಾಲು.
ಕಣ್ಣು ಕಿರಿದು ಮಾಡಿ ಹಣಕಾಸು ಸದಸ್ಯನತ್ತ ನೋಡಿದ:
'ನೀನು ಬ್ರಾನ್ವೆನ್ ಪ್ರಿಚರ್ಡಳ ಮಗ ಅಲ್ವೇನಪ್ಪ?
ಅಮ್ಮನ ಮಂಡಿನೋವು ಈಗ ಹೇಗಿದೆ?'

ಬ್ರಾನ್ವೆನ್ ಹೋಗಿ ಮೂರು ವರ್ಷ.
ಗ್ವಿಲಿಮನಿಗೆ ಹೇಳಿದವರಿಲ್ಲ;
ಹದಿನೈದು ನಿಮಿಷದಲ್ಲಿ ಊರಿನ ಸುದ್ದಿ ಹಿಡಿಸುವುದಿಲ್ಲ.
ಪ್ರಿಚರ್ಡ್ ಬಾಯಿ ತೆರೆದ. ಕಾಗದ ನೋಡಿದ.
ಹಸಿರು, ಹಳದಿ.
ಉತ್ತರಕ್ಕಾಗಿ ಮುದುಕ ನಗುತ್ತಲೇ ಕಾದ.
ಕೆಂಪು.

ಇಪ್ಪತ್ಮೂರು ಕೈ ಪರ, ಹತ್ತೊಂಬತ್ತು ವಿರುದ್ಧ.
ಪ್ರಿಚರ್ಡನ ಕೈ ಏಳಲು ನಾಲ್ಕು ಸೆಕೆಂಡು ತಡವಾಯಿತು,
ಎಣಿಸಿದೆ. ಆದರೂ ಎದ್ದಿತು.

ಹೊರಗೆ ಬೀದಿದೀಪ ಆರಿಸಿದ್ದರು, ಉಳಿತಾಯ.
ಇದ್ರಿಸ್ ಓಡಿಸುತ್ತಿದ್ದ ಒಂಬತ್ತರ ಬಸ್ಸೂ ಇಲ್ಲ.
ನಾಲ್ವರೂ ಸರದಿಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಏರು ಹತ್ತಿದೆವು.
ಚರ್ಚಿನ ಗೋಡೆಯ ಮರೆಯಲ್ಲಿ ನಿಂತು
ಐರ್ಲಿಸ್ ಕತ್ತಲಲ್ಲೇ ತಡವಿ ಎರಡನೇ ಕಾಲುಚೀಲ ಹಾಕಿದಳು,
ನಾನು ಉಳಿದ ಮಾತ್ರೆ ಕೊಟ್ಟೆ,
ನೆಸ್ತಾ ಮೆಲ್ಲಗೆ ಬ್ರಾನ್ವೆನ್ ವಿಷಯ ಹೇಳಿದಳು.

ಅವನು ಬಹಳ ಹೊತ್ತು ಮಾತಾಡಲಿಲ್ಲ.
'ಒಳ್ಳೆ ಹೆಂಗಸು' ಎಂದ. 'ಜಗಳಗಂಟಿ' ಎಂದ.
ಮತ್ತೆ ಇನ್ನೊಂದು ತಿರುವಿನಲ್ಲಿ ಕೇಳಿದ:
'ಮುಂದಿನ ಸಭೆ ಯಾವತ್ತು?'
ಮಾರ್ಚ್ ಹನ್ನೊಂದು ಎಂದೆವು.
'ಹಾಗಾದರೆ ಸ್ನಾನದ ತೊಟ್ಟಿ ತನ್ನಿ.'