ಇಂಚು, ಸೆಂಟು

ಮೂವತ್ತೊಂದು ವರ್ಷದ ಮಳೆ ನನ್ನ ಕೈಬರಹದಲ್ಲಿದೆ.
ಸುಂಟಿಕೊಪ್ಪದಾಚೆ, ತೋಟದ ಆಫೀಸಿನ ಹಿಂದೆ
ಕಲ್ಲುಕಟ್ಟೆಯ ಮೇಲೊಂದು ತಾಮ್ರದ ಆಲಿಕೆ.
ಬೆಳಿಗ್ಗೆ ಏಳಕ್ಕೆ ನಾನು, ರೈಟರ್ ಪದ್ಮಯ್ಯ,
ಗಾಜಿನಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು
ಇಂಚು ಇಷ್ಟು, ಸೆಂಟು ಇಷ್ಟು.
ಹನಿ ಬೀಳದ ದಿನವೂ ಬರೆಯಬೇಕು: ಸೊನ್ನೆ.
ಖಾಲಿ ಬಿಟ್ಟ ಮನೆ ಕಳ್ಳತನ.

ಈ ಸಲ ಹೂಮಳೆ ಮಾರ್ಚ್ ಒಂಬತ್ತಕ್ಕೆ,
ಒಂದು ಇಂಚು ಇಪ್ಪತ್ತು ಸೆಂಟು.
ರೋಬಸ್ಟಾ ಬೆಳ್ಳಗೆ ಬಿರಿದು
ಲೆಡ್ಜರಿಗೂ ಮಲ್ಲಿಗೆಯ ವಾಸನೆ ಹತ್ತಿತು.
ಇನ್ನು ಬ್ಯಾಕಿಂಗ್ ಮಳೆ. ಅದಿಲ್ಲದೆ ಹೂವು ಕಾಯಾಗುವುದಿಲ್ಲ.
ತೋಟದ ಒಡತಿ ಬೊಳ್ಳಮ್ಮ ಕೇಳಿದರು,
"ಪಂಪ್ ಇಳಿಸೋದಾ, ಕಾಯೋದಾ? ಡೀಸೆಲ್ ಬೆಲೆ ಗೊತ್ತಲ್ಲ."
ಪುಸ್ತಕ ತಿರುವಿದೆ. ಎರಡೂ ಮಳೆ ಬಂದ ವರ್ಷ ಹದಿನಾಲ್ಕು.
ಮೂವತ್ತೊಂದರಲ್ಲಿ ಹದಿನಾಲ್ಕು, ಅರ್ಧಕ್ಕೂ ಕಡಿಮೆ.
"ಇಳಿಸೋದೇ ಲೇಸು" ಅಂದೆ.

ಸೆಕೆಂಡ್ ಪಿಯುಸಿ ಓದುವ ನನ್ನ ನಾಲ್ಕನೆಯವಳು, ಜಶ್ಮಿತಾ,
ಹೆಗಲ ಮೇಲಿಂದ ಇಣುಕಿದಳು.
"ಅಪ್ಪ, ಹೂಮಳೆಯೇ ಬಾರದ ಹನ್ನೆರಡು ವರ್ಷ
ಇಲ್ಲಿ ಯಾಕೆ ಕೂತಿವೆ? ಈ ವರ್ಷ ಬಂದಾಯಿತಲ್ಲ!
ಎಬ್ಬಿಸಿ ಕಳಿಸು ಅವನ್ನು."
ಪೆನ್ಸಿಲಿನಲ್ಲಿ ಹನ್ನೆರಡಕ್ಕೂ ಗೆರೆ.
ಹತ್ತೊಂಬತ್ತು ಉಳಿದವು. ಹತ್ತೊಂಬತ್ತರಲ್ಲಿ ಹದಿನಾಲ್ಕು.
ಆಕಾಶ ಇದ್ದಲ್ಲೇ ಇತ್ತು,
ಎಣಿಸುವ ಕಣ ಸಣ್ಣದಾಗಿತ್ತು.
"ಷರತ್ತುಬದ್ಧ ಸಂಭವನೀಯತೆ" ಅಂದಳು ಬಾಯ್ತುಂಬ.
ನನಗದು ಸೊಸೈಟಿ ಸಾಲದ ಕಾಗದದಂತೆ ಕೇಳಿತು.
ಬೊಳ್ಳಮ್ಮನಿಗೆ ಫೋನು ಮಾಡಿದೆ: ಕಾಯೋಣ.

ಮೇಸ್ತ್ರಿ ಮೊಯ್ದು ತನ್ನದೊಂದು ಇಟ್ಟ:
"ಅಮಾವಾಸ್ಯೆ ಕಳೀಲಿ, ಬಂದೇ ಬರ್ತದೆ."
ಅವಳು ಅದನ್ನೂ ಬಿಡಲಿಲ್ಲ, ಎರಡು ರಾತ್ರಿ ಕೂತು ಹುಡುಕಿದಳು.
ಅಮಾವಾಸ್ಯೆ ಕಳೆದ ವಾರ, ಒಂಬತ್ತು ದಿನಕ್ಕೊಂದು ಮಳೆ;
ಬೇರೆ ವಾರಗಳಲ್ಲೂ ಒಂಬತ್ತಕ್ಕೊಂದೇ.
ಚಂದ್ರನೂ ಮಳೆಯೂ
ಮಡಿಕೇರಿ ಬಸ್ಸಿನ ಒಂದೇ ಸೀಟಿನಲ್ಲಿ ಕೂತು
ಹೆಸರು ಕೂಡ ಕೇಳದೆ ಇಳಿದುಹೋಗುವವರು.
ಸ್ವತಂತ್ರ ಘಟನೆಗಳಂತೆ.

ಆಮೇಲೆ ಪೆನ್ಸಿಲ್ ಕಚ್ಚುತ್ತ,
"ಮೂರು ಹೆಣ್ಣಾಯಿತು, ನಾಲ್ಕನೆಯದು ಗಂಡೇ
ಅಂತ ಲೆಕ್ಕ ಹಾಕಿದ್ದು ಯಾರು?"
ಹೇಳಿದ್ದು ಅತ್ತಿಗೆ ಹೊನ್ನಮ್ಮ.
ತಲೆಯಾಡಿಸಿ, ನನ್ನಪ್ಪನ ಹೆಸರನ್ನು ತೆಗೆದಿರಿಸಿದ್ದವನು ನಾನು.
"ಹೊಟ್ಟೆಗೆ ಹಿಂದಿನ ಮೂರರ ನೆನಪು ಇರಲ್ಲ ಅಪ್ಪ.
ಪ್ರತಿ ಸಲವೂ ಹೆಚ್ಚುಕಮ್ಮಿ ಅರ್ಧವೇ."
ನಕ್ಕಳು. ನಗುತ್ತಲೇ ಹೇಳಿದ್ದು.
ಆಲಿಕೆಗೆ ಬಿದ್ದ ಸಿಲ್ವರ್ ಮರದ ಎಲೆ ತೆಗೆಯಬೇಕೆಂದು
ನಾನು ಎದ್ದುಹೋದೆ.
ಎಲೆ ಇರಲಿಲ್ಲ.

ಇವತ್ತಿಗೆ ಹದಿನೇಳು ದಿನ. ಸೊನ್ನೆ.
ಬಂದ ಹದಿನಾಲ್ಕರಲ್ಲಿ ಹನ್ನೊಂದು
ಇಷ್ಟರೊಳಗೇ ಬಂದುಬಿಟ್ಟಿದ್ದವು. ಅವಕ್ಕೂ ಗೆರೆ ಬಿತ್ತು.
ಉಳಿದದ್ದು ಎಂಟು ವರ್ಷ, ಅದರಲ್ಲಿ ಮೂರು.
ಒಣಗಿದ ಒಂದೊಂದು ಸಂಜೆಯೂ ಕಣದ ಅಂಚು ಕೆರೆಯುತ್ತಿದೆ.
ಬೊಳ್ಳಮ್ಮ ಈ ಸಲ ಕೇಳಲಿಲ್ಲ, ಡ್ರಮ್ಮು ಕಳಿಸಿದರು.
ಕೆರೆ ಬದಿಯಲ್ಲಿ ಪಂಪು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು,
ನೀರು ಕೊಡೆಯಾಗಿ ತಿರುಗಿ
ಕಂದಿದ ಹೂವಿನ ಮೇಲೆ, ದಾರಿಯ ಮೇಲೆ, ಮೊಯ್ದುವಿನ ಟೋಪಿಯ ಮೇಲೆ.
ಗಾಳಿಗೆ ವಾಲಿದ ಒಂದು ಸುತ್ತು
ಕಲ್ಲುಕಟ್ಟೆಯ ಕಡೆಗೆ ಬಂತು.

ಜಶ್ಮಿತಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.
ಎರಡೂ ಅಂಗೈಯಿಂದ
ಆಲಿಕೆಯ ಬಾಯಿ ಮುಚ್ಚಿ ನಿಂತಳು,
ತೊಯ್ಯುತ್ತ.