ಹುಂಜಕ್ಕೆ ಅರ್ಧ ಟಿಕೆಟ್

ಜಾನುವಾರು ಗಣತಿಯ ಹಾಳೆಯಲ್ಲಿ ಕೋಳಿಗೆ ಸಿಕ್ಕಿದ್ದು
ಬೆರಳಗಲದ ಒಂದು ಖಾನೆ.
ದೇಸಿ ಎಷ್ಟು, ಫಾರಂ ಎಷ್ಟು,
ಕೇಳು, ಬರಿ, ಮುಂದಿನ ಮನೆಗೆ ನಡೆ ಅಂದಿದ್ದರು.

ಚಿಟಗುಪ್ಪದ ಹಿಂದಿನ ಓಣಿಯಲ್ಲಿ
ಕೆಂಪುಕಲ್ಲಿನ ಗೋಡೆಯ ಮೇಲೆ ಅದು ನಿಂತಿತ್ತು.
ನಿಂತಿತ್ತು ಅನ್ನುವುದಕ್ಕಿಂತ, ಯಾರೋ ನೆಟ್ಟಿದ್ದರು:
ಬಾಲ ನೆಲಕ್ಕೆ, ಎದೆ ಆಕಾಶಕ್ಕೆ.

"ದೇಸಿ, ಒಂದು" ಎಂದು ಬರೆಯಹೊರಟೆ.
ರುಕ್ಮೋದ್ದೀನ ಕಾಕಾ ನನ್ನ ಪೆನ್ನೇ ಹಿಡಿದ.
"ಇದಕ್ಕ ದೇಸಿ ಅಂತೀರೇನ್ರಿ?
ದೇಸಿ ತಿಪ್ಪಿ ಕೆದರತದ.
ಇದು ಅಸೀಲ. ಅಸಲಿ ಅನ್ನೋ ಮಾತಿನ ಮಗ.

ತುರಾಯಿ ನೋಡ್ರಿ,
ಮೂರು ಸಾಲು ತೊಗರಿ ಒತ್ತಿಟ್ಟಂಗ.
ಗದ್ದದ ಕೆಳಗ ಜೋತಾಡೋದು ಏನಿಲ್ಲ,
ವೈರಿ ಹಿಡಿಯಾಕ ಏನೂ ಬಿಟ್ಟಿಲ್ಲ ಇವರಪ್ಪ.
ಗರಿ ಕಡಿಮಿ. ಇದ್ದಷ್ಟು ಮೈಗೆ ಹತ್ತಿ,
ಹೋದ ವರ್ಷದ ಹಬ್ಬಕ್ಕ ಹೊಲಿಸಿದ ಅಂಗಿಯಂಗ.
ಕಣ್ಣು ಮುತ್ತು.
ಅದರಾಗ ಹಳದಿ ಕಂಡ್ರ ತಿಳೀರಿ,
ಅಜ್ಜಿ ಕಾಲದಾಗ ಯಾರೋ ಬಂದು ಹೋಗ್ಯಾರ."

ಕೈಗೆ ಕೊಟ್ಟ.
ಕಲ್ಲು. ಬಿಸಿ ಕಲ್ಲು.
ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

"ಹ್ಯಾಟಿ ಎಲ್ಲಿ?" ಅಂದೆ.
ಕಾಕಾ ಬೀಡಿ ಹುಡುಕಿದ, ಸಿಗಲಿಲ್ಲ.
ಎರಡು ವರ್ಷದ ಹಿಂದೆ ಕೊಕ್ಕರೆ ರೋಗ.
ವರ್ಷಕ್ಕೆ ಮೂವತ್ತು ತತ್ತಿ ಇಟ್ಟರೆ ಹೆಚ್ಚು,
ಆದರೆ ಯಾರ ತತ್ತಿಯ ಮೇಲಾದರೂ ಕೂತಾಳು:
ಬಾತು, ಗಿನಿಕೋಳಿ,
ಒಮ್ಮೆ ಸುಟ್ಟ ಬಲ್ಬಿನ ಮೇಲೆ, ಇಪ್ಪತ್ತು ದಿನ.
"ಒಡೀಲಿಲ್ರಿ ಬಲ್ಬು. ಹಂಗೇ ಇಟ್ಟೀನಿ."

"ಬೇರೆ ಹ್ಯಾಟಿ ತಂದು ಬಿಡಬಹುದಲ್ಲ?"
"ಮರಿ ಆಗ್ತಾವ, ಯಾಕ ಆಗಂಗಿಲ್ಲ.
ಆದ್ರ ಇದು ಅವರೊಳಗ ಹೋಗಿಬಿಡ್ತದ,
ಚಹಾದಾಗ ಸಕ್ಕರಿ ಹೋದಂಗ."

ಕಾಳಗ ನಿಂತು ಬಹಳ ದಿನವಾಯಿತು,
ಒಳ್ಳೆಯದೇ ಆಯಿತು ಅಂತಾನೆ ಕಾಕಾನೂ.
ಆದರೆ ಹುಂಜಕ್ಕೆ ಹೇಳಿದವರು ಯಾರು?
ದಿನಾ ಮುಂಜಾನೆ ಅಳಿಯನ ಮೋಟರ್‌ಸೈಕಲ್ಲಿಗೆ ಹಾರಿ
ಕನ್ನಡಿಯೊಳಗಿನವನ ಜೊತೆ ಕುಕ್ಕಾಟ.
ಈ ಊರಲ್ಲಿ ಅದರ ಜಾತಿಯವನು
ಅವನೊಬ್ಬನೇ.

ಅಲ್ಲಿ ನನಗೆ ನೆನಪಾಯಿತು.
ವಡಗೇರಾ. ವರ್ಗವಾಗುವ ಮುಂಚೆ.
ಫರ್ಸಿ ಹಾಸಿದ ಅಂಗಳ, ಹಯ್ಯಾಳಮ್ಮ,
ಅವಳ ತೊಡೆಯ ಹತ್ತಿರ ನೆಟ್ಟಗೆ ನಿಂತ ಒಂದು ಹ್ಯಾಟೆ.
"ಸಾಹೇಬ, ಇದಕ್ಕ ಗಂಡು ಸಿಗವಲ್ದು" ಅಂದಿದ್ದಳು.
ನಾನು ನಕ್ಕಿದ್ದೆ.
ಬರೆದಿದ್ದೆ: ದೇಸಿ, ಒಂದು.

ಭಾನುವಾರ. ಬುಟ್ಟಿ, ಹಳೆ ಧೋತರ, ಬಾಯಿಗೆ ಸುತ್ತಿದ ಸುತಳಿ.
ಹುಮನಾಬಾದಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ.
"ಜೀವ ಅದ. ಅರ್ಧ ಟಿಕೆಟ್ ಆಗ್ತದ."
ಮಿಷಿನು ಕಕ್ಕಿದ ಚೀಟಿಯಲ್ಲಿ ಅದು ಮಗು.
ಕಲಬುರಗಿ ಸ್ಟ್ಯಾಂಡಿನಲ್ಲಿ ನೀರು ಕುಡಿಸಿದೆ.
ಯಾದಗಿರಿ ಬಸ್ಸಿನಲ್ಲಿ
ಸಂತೆಯ ಹೆಂಗಸೊಬ್ಬಳು ರೇಟು ಕೇಳಿದಳು,
ಧೋತರದ ಸಂದಿಯಿಂದ ಆ ಕಣ್ಣು ಅವಳನ್ನು ನೋಡಿತು,
ಅವಳು ಸೀಟು ಬದಲಿಸಿದಳು.

ಬುಟ್ಟಿ ತೆರೆದಾಗ ಮೊದಲು ಜಿಗಿದವಳು ಹ್ಯಾಟೆ.
ಎದೆಗೆ ಎದೆ.
ಫರ್ಸಿಯ ಮೇಲೆ ಉಗುರಿನ ಸದ್ದು,
ಎರಡು ಗರಿ ತೊಲೆಯವರೆಗೆ ಹಾರಿದವು.
ಬಿಡಿಸಲು ಹೋದ ನನ್ನ ಅಂಗಿ ಜಗ್ಗಿ
ಹಯ್ಯಾಳಮ್ಮ ಎಲೆ ಅಡಿಕೆ ಅಗಿಯುತ್ತ,
"ತಡೀರಿ. ಗುರುತು ಹಿಡೀಲಾಕತ್ಯಾವ" ಅಂದಳು.

ಹೊತ್ತು ಇಳಿಯಿತು.
ಒಂದೇ ತಟ್ಟೆಯ ಜೋಳಕ್ಕೆ
ಆ ಬದಿಯಿಂದೊಂದು, ಈ ಬದಿಯಿಂದೊಂದು ಕುತ್ತಿಗೆ ಬಾಗಿದವು.

ಕಾಕಾಗೆ ಫೋನ್ ಹಚ್ಚಿದೆ.
ಮುಟ್ಟಿದಿರಾ, ಉಂಡಿರಾ, ಏನೂ ಇಲ್ಲ.
"ಹ್ಯಾಟಿ ಕಣ್ಣು ಯಾವ ಬಣ್ಣ?"

ನೋಡಲು ಬಗ್ಗಿದೆ.
ಹುಂಜ ನಡುವೆ ಬಂದು ನಿಂತಿತು.