ಎರಡು ಬೆಸುಗೆ

ಅರಸೀಕೆರೆ ಬಿ.ಎಚ್. ರಸ್ತೆಯ ಮಗ್ಗುಲಿಗೆ
ಮಸ್ತಾನ್ ಸಾಬರ ಸೈಕಲ್ ಶಾಪು.
ಪಂಕ್ಚರ್ ನೋಡುವ ನೀರಿನ ಬಾಣಲೆಯಲ್ಲಿ
ನನ್ನ ಹತ್ತೊಂಬತ್ತನೇ ವರ್ಷ ಗುಳ್ಳೆ ಬಿಡುತ್ತಿತ್ತು.

ಫಿಲೋಮಿನಾ ಮೇಡಂ ಬಂದರು, ಕೊರಳಲ್ಲಿ ಸೀಟಿ,
ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ:
ಮೇಲೆ ಮೂರು ಸೊನ್ನೆ, ಕೆಳಗೆರಡು.
"ತಾಲ್ಲೂಕು ಕ್ರೀಡಾಕೂಟ, ಮೈದಾನದ ಗೇಟಿಗೆ ಬೇಕು.
ದುಡ್ಡು ಮಾತ್ರ ಆಮೇಲೆ."
"ಸೊನ್ನೆ ಐದಾದರೂ ಲೆಕ್ಕ ಒಂದೇ ಬಿಡಿ,"
ಅಂದರು ಸಾಬರು, ಗುಜರಿಯಿಂದ ರಿಮ್ಮು ಎಳೆಯುತ್ತ.

ಹಾಲಿನವನದೊಂದು, ಪೋಸ್ಟ್‌ಮ್ಯಾನ್ ಚನ್ನವೀರಯ್ಯನದೊಂದು,
ರೈಲ್ವೆ ಗ್ಯಾಂಗ್‌ಮನ್ ಬಿಟ್ಟುಹೋದದ್ದೊಂದು,
ಉಳಿದೆರಡು ಯಾರವೋ.
ಕಡ್ಡಿ ಕಿತ್ತು, ಸೊಟ್ಟಗಿದ್ದದ್ದನ್ನು ಮಂಡಿಗೊಟ್ಟು ತಿದ್ದಿ
ನೆಲದ ಮೇಲೆ ಹರವಿದಾಗ ತಿಳಿಯಿತು:
ಕಾಗದದ ಮೇಲೆ ಪೆನ್ಸಿಲು ದಾಟುವ ಕಡೆ
ಕಬ್ಬಿಣ ದಾಟುವುದಿಲ್ಲ.
ಒಂದು ಬಳೆಯೊಳಗೆ ಇನ್ನೊಂದು ಹೋಗಬೇಕಾದರೆ
ಯಾವುದಾದರೂ ಒಂದು ಬಾಯಿ ಬಿಡಲೇಬೇಕು.

ಸಾಬರು ಬೀಡಿ ಮುಗಿಯುವವರೆಗೂ ನೋಡಿದರು.
"ಐದನ್ನೂ ಕುಯ್ಯೋದು ಬ್ಯಾಡ ಕಣಪ್ಪ,
ಕೆಳಗಿನವೆರಡು ಸಾಕು."

ಕುಯ್ದೆ. ತೂರಿಸಿದೆ. ಕಿಡಿ ಹಾರಿಸಿ ಮುಚ್ಚಿದೆ.
ಟ್ಯಾಂಕರಿನವರ ನೀಲಿ, ಸ್ಕೂಲ್ ವ್ಯಾನಿನ ಹಳದಿ,
ಯಾರದೋ ಕಿಟಕಿಗೆ ಬಳಿದು ಉಳಿದ ಹಸಿರು,
ಕೆಂಪು ಕಡ. ಕಪ್ಪಿಗೆ
ರಸ್ತೆ ರಿಪೇರಿಯ ಟಾರು.

ಬಳಿಯುವಾಗ ಮೇಡಂ ಕಲ್ಲಿನ ಮೇಲೆ ಕೂತು ಹೇಳಿದರು:
ಒಂಬೈನೂರ ಹದಿಮೂರನೇ ಇಸವಿ,
ಫ್ರಾನ್ಸಿನ ಸಾಹೇಬನೊಬ್ಬ ಪತ್ರದ ನೆತ್ತಿಗೆ
ಕೈಯಾರೆ ಬರೆದು ಬಣ್ಣ ತುಂಬಿದ್ದು.
ಹದಿನಾರಕ್ಕೆ ಆಟ ಅಂತ ಗೊತ್ತಾಗಿತ್ತು;
ಅಷ್ಟರಲ್ಲಿ ಯುದ್ಧ,
ಓಡಬೇಕಾದ ಹುಡುಗರು ಕಂದಕದಲ್ಲಿ ಕೂತರು.
ಬಾವುಟ ಆಟದಲ್ಲಿ ಹಾರಿದ್ದು ಇಪ್ಪತ್ತರಲ್ಲಿ,
ಆಟ ಮುಗಿಯಿತು, ಬಾವುಟ ಕಾಣೆ.
ಹೆಚ್ಚುಕಮ್ಮಿ ಎಂಬತ್ತು ವರ್ಷ
ಯಾರದೋ ಪೆಟ್ಟಿಗೆಯ ತಳದಲ್ಲಿತ್ತಂತೆ.

"ನೀಲಿ ಯಾವ ಖಂಡ, ಕಪ್ಪು ಯಾವ ಖಂಡ?"
"ಅದೆಲ್ಲ ಆಮೇಲೆ ಹುಟ್ಟಿದ ಮಾತು.
ಐದು ಬಣ್ಣ, ಹಿಂದಿನ ಬಿಳಿ ಸೇರಿ ಆರು.
ಆಗಿನ ಎಲ್ಲ ದೇಶದ ಬಾವುಟವೂ
ಅಷ್ಟರೊಳಗೇ ಬರುತ್ತಿತ್ತು, ಅಷ್ಟೇ."

ನಾನೂರು ಮೀಟರಿನ ಚೂಡಾಮಣಿ, ಬರಿಗಾಲು,
ಬಣ್ಣದ ಡಬ್ಬ ಹಿಡಿದು ನಿಂತವಳು ಕೇಳಿದಳು:
"ಮಿಸ್, ಕೇಸರಿ?"
ಮೇಡಂ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.
"ಆಗ ನಮ್ಮದು ಅಂತ ಬಾವುಟ ಎಲ್ಲಿತ್ತು, ಮಗ?"

ಅವಳು ನಾಲ್ಕನೆಯವಳಾಗಿ ಬಂದಳು. ಪದಕ ಮೂರೇ.
ಈಗ ಹಾಸನದ ಬಸ್ಸಿನಲ್ಲಿ ಕಂಡಕ್ಟರು;
ಮೈದಾನದ ಮುಂದೆ ಹಾದಾಗ
ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ತಲೆಯೆತ್ತುತ್ತಾಳೆ.

ಸಾಬರಿಗೆ ಕಣ್ಣು ಮಂಜು; ಶಾಪು ನನ್ನದು.
ಗೇಟಿನ ಮೇಲಿನ ಸಾಲು ಹಾಗೇ ಇದೆ,
ಟಾರಂತೂ ಬಿಸಿಲಿಗೆ ಇನ್ನೂ ಮಿನುಗುತ್ತದೆ.
ಕುಯ್ಸಿಕೊಂಡ ಎರಡಕ್ಕೆ ಮಾತ್ರ
ಬೆಸುಗೆಯ ಕಡೆ ಬಣ್ಣ ಎದ್ದು
ತುಕ್ಕು ಇಳಿದಿದೆ,
ಕೇಸರಿ ಎನ್ನಬಹುದಾದ ಎರಡು ಗೆರೆ.

ಮೊನ್ನೆ ಪುರಸಭೆಯ ಹುಡುಗ ಏಣಿ ಹಾಕಿದ.
"ಅದೆರಡು ಜಾಗ ಬಿಟ್ಟು ಬಳಿಯಪ್ಪ," ಅಂದೆ.
ಯಾಕೆ ಅಂದ.
ಹೇಳಬೇಕೆಂದರೆ ಹದಿಮೂರನೇ ಇಸವಿಯಿಂದ ಹೇಳಬೇಕು;
ಅತ್ತ ಟ್ಯೂಬು ಬಿಚ್ಚಿಟ್ಟು
ಗಿರಾಕಿ ಕಾಯುತ್ತಿದ್ದ.